ಹೂಂ ಅನ್ನುವವರು

ಟೇಪ್ ರೆಕಾರ್ಡರಿಗೆ ಟವೆಲು ಸುತ್ತುವ ಕೆಲಸಕ್ಕೆ ಚಿಕ್ಕನರಸಯ್ಯನವರಿಗೆ ಆ ಭಾನುವಾರ ಅರ್ಧ ಗಂಟೆ ಹಿಡಿಯಿತು. ಒಮ್ಮೆ ಸುತ್ತಿದರು, ಗಂಟು ಸರಿ ಬರಲಿಲ್ಲವೆಂದು ಬಿಚ್ಚಿದರು. ಮತ್ತೆ ಸುತ್ತಿ, ಹಿಡಿಕೆ ಒಳಗೇ ಉಳಿಯಿತೆಂದು ಮತ್ತೆ ಬಿಚ್ಚಿದರು. ಹಿಂದಿನ ಆರು ಭಾನುವಾರ ಇದೇ ಯಂತ್ರ ಇದೇ ಟವೆಲನ್ನು ಹೊದ್ದು, ಎತ್ತಿಕೊಂಡ ಮಗುವಿನ ಹಾಗೆ ಅವರ ಎಡಗೈಯ ಮೇಲೆ ಕೂತು ಬೀದಿ ದಾಟಿತ್ತು. ಇಂದು ಕೈಗಳಿಗೆ ಹೋಗುವ ಮನಸ್ಸಿಲ್ಲ. ಕಾಲುಗಳು ಮಾತ್ರ ಹೊಸ್ತಿಲ ಕಡೆಗೆ ತಿರುಗಿ ನಿಂತಿವೆ. ಗೋಡೆಯ ಮೇಲೆ ಹೆಂಡತಿ ಮಹಾಲಕ್ಷ್ಮಮ್ಮನ ಫೋಟೊ. ಹಾಸ್ಟೆಲಿನ ಗುರುತಿನ ಚೀಟಿಗೆಂದು ತೆಗೆಸಿದ್ದನ್ನೇ ದೊಡ್ಡದು ಮಾಡಿಸಿದ್ದರಿಂದ, ಫೋಟೊ ತೆಗೆದವನ ಮೇಲಿನ ಸಿಡಿಮಿಡಿ ಅವಳ ಮುಖದಲ್ಲಿ ಹಾಗೇ ಉಳಿದಿತ್ತು. ಸತ್ತು ಎಂಟು ತಿಂಗಳಾದರೂ ಅವಳು ಅದೇ ಸಿಡಿಮಿಡಿಯಿಂದ, ಇನ್ನೂ ಹೊರಡಲಿಲ್ಲವೇ, ಎಂದು ನೋಡುತ್ತಿದ್ದಳು. ಅವರು ಕಣ್ಣು ತಪ್ಪಿಸಿ ಗೂಡಿನಲ್ಲಿದ್ದ ಕ್ಯಾಸೆಟ್ಟನ್ನು ಜುಬ್ಬದ ಜೇಬಿಗೆ ಹಾಕಿಕೊಂಡರು. ಏಳನೆಯದು, ಕೊನೆಯದು. ಅದರಲ್ಲಿ ಅವಳ ದನಿ ಇಲ್ಲವೆಂಬುದು ಇಡೀ ಮಧುಗಿರಿಯಲ್ಲಿ ಅವರೊಬ್ಬರಿಗೇ ಗೊತ್ತಿತ್ತು.

ಹೈಸ್ಕೂಲು ಹುಡುಗಿಯರ ಹಾಸ್ಟೆಲಿನಲ್ಲಿ ಮಹಾಲಕ್ಷ್ಮಮ್ಮ ಹತ್ತೊಂಬತ್ತು ವರ್ಷ ಮುದ್ದೆ ತಿರುವಿದವಳು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ, ಒಲೆಯ ಬಿಸಿ ಆರುವ ತನಕ, ಹುಡುಗಿಯರನ್ನು ಸುತ್ತ ಕೂರಿಸಿಕೊಂಡು ಕಥೆ ಹೇಳುತ್ತಿದ್ದಳು. ಅದು ಚಿಕ್ಕಿಯ ಕಥೆ. ಚಿಕ್ಕಿ ಮೇಕೆ ಕಾಯುವ ಹದಿನಾರು ವರ್ಷದ ಹುಡುಗಿ. ಅವಳ ತಂಗಿ ಒಂದು ದಿನ ಬೆಟ್ಟಕ್ಕೆ ಎದುರಾಗಿ ನಿಂತು ಕೂಗಿದಳು. ಮರುದನಿ ಬರಲಿಲ್ಲ, ಕೂಗಿದ ದನಿಯೂ ಹಿಂದಕ್ಕೆ ಬರಲಿಲ್ಲ. ಅಂದಿನಿಂದ ಆ ಮಗು ಮೂಕಿ. ಬೆಟ್ಟದ ಹೊಟ್ಟೆಯಲ್ಲಿ ಒಬ್ಬ ಕಿವುಡ ದೊರೆ ಇದ್ದಾನೆ. ಅವನ ಹೆಜ್ಜೇನುಗಳು ಜನರ ದನಿ ಕದ್ದು ತಂದು, ಗೂಡಿನ ಒಂದೊಂದು ಕಣ್ಣಿಗೆ ಒಂದೊಂದು ತುಂಬಿ ಮೇಣ ಮೆತ್ತುತ್ತವೆ. ಅವನಿಗೋ ಕೇಳಿಸದು, ಬೇರೆಯವರಿಗೂ ಕೇಳಿಸಬಾರದು. ತಂಗಿಯ ದನಿ ತರಲು ಚಿಕ್ಕಿ ಏಳು ಬಾಗಿಲು ದಾಟಬೇಕು. ವಾರಕ್ಕೊಂದು ಬಾಗಿಲು. ಏಳನೆಯ ಬಾಗಿಲನ್ನು ಮಾತ್ರ ಮಹಾಲಕ್ಷ್ಮಮ್ಮ ಪ್ರತಿ ವರ್ಷ ಹೊಸದಾಗಿ ಕಟ್ಟುತ್ತಿದ್ದಳು. ಹಾಗಾಗಿ ಹಳೆಯ ಹುಡುಗಿಯರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು.

ದೇವರ ಕಥೆಯಲ್ಲದೆ ಬೇರೆ ಕಥೆ ಹೇಳುವುದು ಚಿಕ್ಕನರಸಯ್ಯನವರಿಗೆ ಸರಿಬರುತ್ತಿರಲಿಲ್ಲ. ದೊಡ್ಡೇರಿಯಲ್ಲಿ ಹೆಡ್‌ಮೇಷ್ಟ್ರಾಗಿದ್ದವರು. ಸ್ನಾನ ಮಾಡದೆ ನೀರು ಮುಟ್ಟದವರು. ಇದು ಯಾವ ಪುರಾಣದಲ್ಲಿದೆ ಎಂದು ಒಮ್ಮೆ ಕೇಳಿದ್ದರು. "ನನ್ನ ಪುರಾಣದಾಗೈತೆ. ಓದಾಕೆ ಬಂದ್ರೆ ನೀವೂ ಓದ್ಕಳಿ," ಎಂದು ಅವಳು ಸೊಪ್ಪು ಸೋಸುತ್ತಲೇ ಹೇಳಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. ಮೂವತ್ತೈದು ವರ್ಷ ಊರಿನ ಮಕ್ಕಳ ಕೈ ಹಿಡಿದು ಮರಳ ಮೇಲೆ ತಿದ್ದಿಸಿದ ಕೈ, ಮನೆಯಲ್ಲಿದ್ದ ಒಂದು ಕೈಯನ್ನು ಹಿಡಿದು ತಿದ್ದಿಸಲಿಲ್ಲ. ಈಗ ಟವೆಲಿನ ಗಂಟು ಹಾಕುತ್ತಿರುವ ಅದೇ ಕೈಯನ್ನು ಅವರು ಯಾರದೋ ಎಂಬಂತೆ ನೋಡಿದರು. ಗಂಟು ಬಿದ್ದಿತ್ತು. ಇನ್ನು ಹೊರಡದೆ ಇರಲು ನೆಪವಿರಲಿಲ್ಲ.

ಆಷಾಢದ ಗಾಳಿ ಬೀದಿಯ ಧೂಳನ್ನೆಲ್ಲ ಎಬ್ಬಿಸಿ ಪಾವಗಡದ ಕಡೆಗೆ ಅಟ್ಟುತ್ತಿತ್ತು. ತಲೆಯ ಮೇಲೆ ಬೆಟ್ಟ. ಹುಟ್ಟಿದಾಗಿನಿಂದ ನೋಡಿದ ಬಂಡೆಯಲ್ಲಿ ಈಗೀಗ ಅವರ ಕಣ್ಣು ಗೂಡುಗಳನ್ನು ಹುಡುಕುತ್ತದೆ. ಆರು ವಾರ ಕಥೆ ಕೇಳಿದ್ದರ ಫಲ. ಅಲ್ಲ, ಆರು ವಾರವಲ್ಲ. ಹೋದ ವರ್ಷ, ಎಂಬತ್ತನಾಲ್ಕರ ಬೇಸಿಗೆಯಲ್ಲಿ, ಹಾಸ್ಟೆಲಿಗೆ ರಜೆ ಇದ್ದಾಗ ವಾರ್ಡನ್ ಗಿರಿಯಮ್ಮ ಈ ಯಂತ್ರ ಹಿಡಿದುಕೊಂಡು ಮನೆಗೆ ಬಂದಿದ್ದಳು. ಹುಲಿಕುಂಟೆಯ ಕಡೆಯ ಕುರುಬರ ಹಟ್ಟಿಯಿಂದ ಓದಿ ಮೇಲೆ ಬಂದ ಹೆಣ್ಣುಮಗಳು. ತನ್ನ ತಮ್ಮ ಸಿರಾದಲ್ಲಿ ಕೊಂಡ ಟೇಪ್ ರೆಕಾರ್ಡರನ್ನು ಅವನಿಂದ ಕಿತ್ತುಕೊಂಡು ತಂದಿದ್ದಳು. "ಅಜ್ಜಿ, ನೀವು ಹೇಳ್ತಾ ಹೋಗಿ, ಇದು ತುಂಬ್ಕಂತಾ ಹೋಯ್ತದೆ. ಆದ್ರೆ ಬೇರೆ ಯಾರೂ ಉಸಿರೆತ್ತಬಾರ್ದು, ಎಲ್ಲಾ ಸದ್ದೂ ಹಿಡ್ಕಂಬುಡ್ತದೆ," ಎಂದಳು. ಮಹಾಲಕ್ಷ್ಮಮ್ಮನಿಗೆ ಅಲ್ಲೇ ಕಷ್ಟವಾಯಿತು. ಕಥೆಗೆ ಹೂಂ ಅನ್ನುವವರು ಬೇಕು. ಒಂದು ಮಾತು ಹೇಳಿ ನಿಲ್ಲಿಸಬೇಕು, ಕೇಳುವವರು ಹೂಂ ಅನ್ನಬೇಕು, ಆಗ ಮುಂದಿನ ಮಾತು. ಹೂಂ ಇಲ್ಲದೆ ಹೇಳಿದ ಕಥೆ ಹೇಳಿದವರ ಹೊಟ್ಟೆಯಲ್ಲೇ ತಿರುಗುತ್ತದೆ ಎಂಬುದು ಕೊರಟಗೆರೆಯ ಕಡೆಯ ಅವಳ ತವರಿನ ನಂಬಿಕೆ. "ಹೂಂ ಅನ್ನೋರಿಲ್ದೆ ಹೆಂಗವ್ವ ಹೇಳ್ಲಿ? ಗ್ವಾಡೆಗೆ ಹೇಳ್ದಂಗಾಯ್ತದೆ." "ನಾನು ತಲೆ ಆಡಿಸ್ತೀನಿ ಅಜ್ಜಿ. ನನ್ನ ತಲೆ ನೋಡ್ಕಂಡು ಹೇಳಿ." ಹೀಗೆ ಆರು ದಿನ ಆರು ಬಾಗಿಲು. ಪ್ರತಿ ಮಾತಿನ ಕೊನೆಗೆ ಒಂದು ಖಾಲಿ ಮೌನ, ಅದರಲ್ಲಿ ವಾರ್ಡನ್ನಿನ ತಲೆಯ ಅಲುಗಾಟ. ಚಿಕ್ಕನರಸಯ್ಯನವರು ಹೊರಗಿನ ಬೆಂಚಿನ ಮೇಲೆ ಪತ್ರಿಕೆ ಹಿಡಿದು ಕೂತಿರುತ್ತಿದ್ದರು. ಏಳನೆಯ ದಿನ ಗಿರಿಯಮ್ಮನಿಗೆ ಊರಿನಿಂದ ಏನೋ ಕರೆ ಬಂದು, ಯಂತ್ರದ ಗುಂಡಿ ಒತ್ತಿಕೊಟ್ಟು ಬಸ್ಸಿಗೆ ಓಡಿದಳು. ಒಳಗೆ ಮಹಾಲಕ್ಷ್ಮಮ್ಮನೊಬ್ಬಳೇ ಹೇಳುತ್ತಿದ್ದಳು. ನಡುವೆ ಒಮ್ಮೆ ಅವರನ್ನು ಕೂಗಿ ಏನೋ ಕೇಳಿದಳು. ಅವರು ಉತ್ತರ ಕೊಡಲಿಲ್ಲ. ಪತ್ರಿಕೆಯ ಹಾಳೆ ತಿರುವಿದರು. ಕಥೆ ಹೇಗಿತ್ತು ಎಂದು ಮಾರನೆಯ ವಾರ ಗಿರಿಯಮ್ಮ ಕೇಳಿದಾಗ, "ಅದೆಲ್ಲ ನಾನು ಕಿವಿಗೆ ಹಾಕ್ಕೊಳ್ಳೋನಲ್ಲಮ್ಮ," ಎಂದಿದ್ದರು. ಆ ಮಾತು ಈಗ ಬಾಯಲ್ಲಿ ಕಲ್ಲಿನಂತೆ ಸಿಕ್ಕಿತು. ಸಂತೆಮಾಳದ ಹತ್ತಿರ ನಿಂತು ಯಂತ್ರವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

ತಪ್ಪು ನಡೆದದ್ದು ಅವಳ ಹನ್ನೊಂದನೆಯ ದಿನ. ನೆಂಟರು ಹೊರಟುಹೋಗಿದ್ದರು. ದಿನಾ ಬೆಳಿಗ್ಗೆ ಅವಳ ಫೋಟೊದ ಮುಂದೆ ದೇವರ ನೂರೆಂಟು ನಾಮ ಕೇಳಿಸಬೇಕು ಎನ್ನಿಸಿತು. ಬಾಯಲ್ಲಿ ಹೇಳಲು ಹೋದರೆ ಹತ್ತು ನಾಮ ದಾಟುತ್ತಿರಲಿಲ್ಲ. ಒಮ್ಮೆ ಗಟ್ಟಿ ಮನಸ್ಸು ಮಾಡಿ ತುಂಬಿಸಿಟ್ಟರೆ ಸಾಕು. ಗಿರಿಯಮ್ಮ ಆ ಯಂತ್ರವನ್ನು ಅವಳಿಗೇ ಬಿಟ್ಟುಹೋಗಿದ್ದಳು. ಮುಚ್ಚಳ ತೆಗೆದರೆ ಒಳಗೆ ಒಂದು ಕ್ಯಾಸೆಟ್ಟು, ಅದರ ಮೈಮೇಲೆ ಕುಂಕುಮ. ಆಯುಧಪೂಜೆ ಮುಗಿದು ತಿಂಗಳಾಗಿತ್ತಷ್ಟೆ. ಸೈಕಲ್ಲಿಗೆ, ಈಳಿಗೆಮಣೆಗೆ, ರೇಡಿಯೋಕ್ಕೆ ಅವಳು ಕುಂಕುಮ ಇಟ್ಟಿದ್ದನ್ನು ನೋಡಿದ್ದವರು ಇದೂ ಹಾಗೆಯೇ ಪೂಜೆಗೆ ಇಟ್ಟ ಹೊಸ ಕ್ಯಾಸೆಟ್ಟು ಅಂದುಕೊಂಡರು. ಪೂಜೆಯಾದದ್ದು, ದೇವರ ನಾಮಕ್ಕೆ ಒದಗಿತು ಎಂದು ಸಂತೋಷವೇ ಆಯಿತು. ಒದ್ದೆ ಬಟ್ಟೆಯಿಂದ ಕುಂಕುಮ ಒರೆಸಿ, ಗಿರಿಯಮ್ಮ ಒತ್ತುತ್ತಿದ್ದ ಹಾಗೆ ಕೆಂಪು ಗುಂಡಿ ಕಪ್ಪು ಗುಂಡಿ ಎರಡನ್ನೂ ಒಟ್ಟಿಗೆ ಒತ್ತಿದರು. ಅಂದಿನಿಂದ ದಿನವೂ ಅದೇ. ಇಪ್ಪತ್ತು ನಿಮಿಷ ನಾಮ; ಮಂಗಳದ ಕೊನೆಯ ಅಕ್ಷರ ಮುಗಿಯುವುದಕ್ಕೂ ಅವರ ಹೆಬ್ಬೆರಳು ಗುಂಡಿ ಒತ್ತಿ ನಿಲ್ಲಿಸುವುದಕ್ಕೂ ಕೂದಲೆಳೆಯ ಅಂತರವಿರುತ್ತಿರಲಿಲ್ಲ. ಶಾಲೆಯ ಗಂಟೆ ಹೊಡೆಸಿದವರ ಶಿಸ್ತು. ಆಮೇಲೆ ಮಂಗಳಾರತಿ. ಈ ಜೂನಿನಲ್ಲಿ ಗಿರಿಯಮ್ಮ ಬಂದು, "ಮೇಷ್ಟ್ರೇ, ಅಜ್ಜಿ ಕತೆ ಕೊಡಿ, ಹುಡುಗೀರು ಪ್ರಾಣ ತಿಂತವೆ. ಹೋದ ವರ್ಷ ಆರನೇ ಬಾಗ್ಲು ಹೇಳಿ ಮಲಗಿದೋರು ಎದ್ದೇ ಇಲ್ಲ," ಎಂದಾಗ ಅವರು ಅಕ್ಕಿಡಬ್ಬದ ಪಕ್ಕದ ತಗಡಿನ ಡಬ್ಬ ತೆಗೆದರು. ಒಂದರ ಮೇಲೆ ಕುಂಕುಮದ ಒಂದು ಬೊಟ್ಟು. ಇನ್ನೊಂದರ ಮೇಲೆ ಎರಡು. ಮೂರು, ನಾಲ್ಕು, ಐದು, ಆರು. ಅಕ್ಷರ ಬಾರದವಳು ಇಟ್ಟುಕೊಂಡ ಗುರುತು. ಏಳು ಬೊಟ್ಟಿನದು ಡಬ್ಬದಲ್ಲಿರಲಿಲ್ಲ. ಅದು ಎಲ್ಲಿದೆಯೆಂದು ಅವರ ಬೆರಳಿಗೆ ಗೊತ್ತಾಯಿತು, ಆಮೇಲೆ ತಲೆಗೆ. "ಇವೆಯಮ್ಮ, ನಾನೇ ತರ್ತೀನಿ," ಎಂದರು. ಆ ಹೊತ್ತಿಗೆ, ಇನ್ನೂ ಏಳು ವಾರ ಇದೆಯಲ್ಲ ಎನ್ನಿಸಿತ್ತು. ಅದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದು: ಅವಳು ಕೂಗಿ ಕೇಳಿದ್ದು, ತಾವು ಸುಮ್ಮನಿದ್ದದ್ದು, ಅದೂ ಅಳಿಸಿಹೋಯಿತಲ್ಲ ಎಂದು ಒಳಗೆಲ್ಲೋ ಒಂದು ಕ್ಷಣ ಹಗುರವಾಗಿತ್ತು.

ಹಾಸ್ಟೆಲಿನ ಊಟದ ಮನೆಯಲ್ಲಿ ಐವತ್ತು ಹುಡುಗಿಯರು ಆಗಲೇ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಮಧ್ಯದಲ್ಲಿ ಸ್ಟೂಲು, ಪಕ್ಕದಲ್ಲಿ ಅವರಿಗೊಂದು ಕುರ್ಚಿ. ಆರು ವಾರದಿಂದ ಈ ಕುರ್ಚಿ ಅವರಿಗೆ ಮೀಸಲು. ಬಹಳ ವರ್ಷಗಳ ಹಿಂದೆ ಇದೇ ಬಾಗಿಲಲ್ಲಿ, ತನಿಖೆಗೆ ಬಂದಿದ್ದ ಒಬ್ಬ ಸಾಹೇಬರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಓಹೋ, ಅಡುಗೆಯವಳ ಗಂಡನೋ?" ಎಂದಿದ್ದರು. ಹೆಡ್‌ಮೇಷ್ಟ್ರು ಎಂದು ತಿದ್ದಲು ನಾಲಿಗೆ ಏಳಲಿಲ್ಲ. ಆ ಸಿಟ್ಟಿಗೆ ಮೂರು ದಿನ ಹೆಂಡತಿಯ ಜೊತೆ ಮಾತಾಡಲಿಲ್ಲ. ಅವಳು ಏನೂ ಕೇಳದೆ ಮೂರು ದಿನವೂ ಬಡಿಸಿದಳು. ಈಗ "ಅಡುಗೆ ಅಜ್ಜಿ ಯಜಮಾನ್ರು ಬಂದ್ರು" ಎಂದು ಹುಡುಗಿಯರು ಎದ್ದು ನಿಂತರೆ ಎದೆ ಉಬ್ಬುತ್ತದೆ. ಉಬ್ಬುವುದಕ್ಕೂ ಇಂದೇ ಕೊನೆ.

"ತಾತ, ಇವತ್ತು ಲೇಟು ಮಾಡ್ಬುಟ್ರಿ," ಎಂದಳು ಪಟಾಲಮ್ಮ. ಐ.ಡಿ.ಹಳ್ಳಿಯವಳು, ಹತ್ತನೆಯ ತರಗತಿ, ಎಲ್ಲರ ಪರವಾಗಿ ಮಾತಾಡುವವಳು. "ಚಿಕ್ಕಿ ಪಾಪ ಏಳನೇ ಬಾಗ್ಲಾಗೆ ನಿಂತೂ ನಿಂತೂ ಕಾಲು ಊದ್ಕಂಡಿರ್ತವೆ."

"ನಿನ್ನಂಗೆ ದಪ್ಪ ಐದಾಳಾ ಅವ್ಳು, ಊದ್ಕಳಾಕೆ?" ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ಸ್ಟೂಲಿಗೆ ಅಂಟಿ ಕೂತಿದ್ದ ಸಣ್ಣಕ್ಕ ಮಾತ್ರ ನಗಲಿಲ್ಲ. ಅವಳು ಪಾವಗಡದಾಚೆ ಆಂಧ್ರದ ಗಡಿಯವಳು. ಅರ್ಧ ತೆಲುಗು ಬೆರೆಸಿ ಮಾತಾಡುತ್ತಾಳೆಂದು ಉಳಿದವರು ಆಡಿಕೊಳ್ಳುವುದರಿಂದ ಮಾತೇ ಕಡಿಮೆ. ಆರನೆಯ ಬಾಗಿಲಲ್ಲಿ ಚಿಕ್ಕಿ ತನ್ನ ಹೆಸರನ್ನೇ ಕಾವಲಿನವನಿಗೆ ಕೊಟ್ಟು ಒಳಗೆ ಹೋದಾಗಿನಿಂದ, ಒಂದು ವಾರ ಸಣ್ಣಕ್ಕ ಸರಿಯಾಗಿ ಉಂಡಿಲ್ಲವೆಂದು ಗಿರಿಯಮ್ಮ ಹೇಳಿದ್ದಳು.

ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಒಂದೂ ಬಾಯಿಗೆ ಬರಲಿಲ್ಲ. ಕೈ ತನ್ನ ಪಾಡಿಗೆ ಕ್ಯಾಸೆಟ್ಟು ಹಾಕಿತು, ಗುಂಡಿ ಒತ್ತಿತು. ಮೊದಲು ಒಂದು ಕೆಮ್ಮು. ಆಮೇಲೆ ಅವರದೇ ದನಿ, ಗಂಟಲು ಸರಿಮಾಡಿಕೊಂಡು, ಮೊದಲನೆಯ ನಾಮ.

"ಅಯ್ಯೋ, ಅಜ್ಜಿ ದನಿ ಗಂಡಾಗ್ಬುಟ್ಟೈತೆ ಕಣ್ರೇ!" ಎಂದಳು ಪಟಾಲಮ್ಮ. ಊಟದ ಮನೆ ನಗೆಯಿಂದ ತುಂಬಿಹೋಯಿತು. ಚಿಕ್ಕನರಸಯ್ಯನವರು ಕುರ್ಚಿಯಿಂದ ಎದ್ದರು. ಹುಡುಗಿಯರ ನಡುವೆ ದಾರಿ ಮಾಡಿಕೊಂಡು ನೀರಿನ ಹಂಡೆಯ ಪಕ್ಕದ ಗೋಡೆಗೆ ಹೋಗಿ, ಎಷ್ಟೋ ಹುಡುಗರನ್ನು ತಾವು ನಿಲ್ಲಿಸಿದ್ದ ಹಾಗೆಯೇ, ಕೈ ಕಟ್ಟಿ ನಿಂತರು. ನಗೆ ತಾನಾಗಿ ನಿಂತಿತು.

"ತಪ್ಪಾಗಿದೆ ಮಕ್ಕಳೇ," ಎಂದರು. "ಅವಳು ಇಟ್ಟಿದ್ದ ಗುರುತನ್ನ ನಾನು ಪೂಜೆ ಕುಂಕುಮ ಅಂದ್ಕೊಂಡೆ. ಅದರ ಮೇಲೆ ನನ್ನ ದನಿ ತುಂಬಿಬಿಟ್ಟೆ. ಏಳನೇದು ಇಲ್ಲ. ಆರು ವಾರದಿಂದ ಗೊತ್ತಿತ್ತು. ಹೇಳೋಕೆ ಧೈರ್ಯ ಬರಲಿಲ್ಲ."

"ಅಂದ್ರೆ," ಎಂದಳು ಪಟಾಲಮ್ಮ. ಅವಳ ದನಿಯಲ್ಲಿ ತಮಾಷೆಯೆಲ್ಲ ಹೋಗಿತ್ತು. "ಅಜ್ಜೀನ ಅಳಿಸ್ಬುಟ್ರಾ ತಾತ?"

ಯಂತ್ರದಲ್ಲಿ ಅವರು ಹತ್ತನೆಯ ನಾಮವನ್ನು ಬಹಳ ಸ್ಪಷ್ಟವಾಗಿ ಹೇಳುತ್ತಿದ್ದರು. ಗಿರಿಯಮ್ಮ ನಿಲ್ಲಿಸಲೆಂದು ಕೈ ನೀಡಿದಳು. "ಬೇಡಮ್ಮ," ಎಂದರು ಅವರು. "ದೇವರ ಹೆಸರು. ಅರ್ಧಕ್ಕೆ ನಿಲ್ಲಿಸಬಾರದು. ಮುಗೀಲಿ." ಹಾಗೆ ಹೇಳಿದ್ದು ಭಕ್ತಿಯೋ, ತಮಗೆ ತಾವೇ ಕೊಟ್ಟುಕೊಂಡ ಶಿಕ್ಷೆಯೋ, ಅವರಿಗೇ ತಿಳಿಯಲಿಲ್ಲ. ಹಾಸ್ಟೆಲಿನ ಪ್ರಾರ್ಥನೆಯ ಅಭ್ಯಾಸದಿಂದ ಕೆಲವರು ಕೈ ಮುಗಿದರು. ಚಿಕ್ಕವರು ತೂಕಡಿಸಿದರು. ಪಟಾಲಮ್ಮ ಮಾತ್ರ ಅವರನ್ನು ಬಿಡದೆ ನೋಡುತ್ತಿದ್ದಳು. ಇಪ್ಪತ್ತು ನಿಮಿಷ ಎಷ್ಟು ಉದ್ದವೆಂದು ಅವರಿಗೆ ಮೊದಲ ಬಾರಿಗೆ ಗೊತ್ತಾಯಿತು. ಒಂದೊಂದು ನಾಮವೂ ತಣ್ಣಗೆ ಬಂದು ಅವಳ ಒಂದೊಂದು ಮಾತಿನ ಮೇಲೆ ಕೂರುತ್ತಿತ್ತು. ಉಚ್ಚಾರ ಶುದ್ಧವಾಗಿತ್ತು. ತುಂಬಿಸುವಾಗಲೂ ಅವರಿಗೆ ಉಚ್ಚಾರದ ಮೇಲೇ ಗಮನವಿತ್ತು. ಅರವತ್ತರ ಸುಮಾರಿಗೆ ಒಂದು ನಾಮದ ನಡುವೆ ದನಿ ಮುರಿದು, ಉಸಿರು ನಿಂತು, ಮತ್ತೆ ಮುಂದುವರಿಯಿತು. ಸಣ್ಣಕ್ಕ ತಲೆ ಎತ್ತಿದಳು. "ತಾತ, ಇಲ್ಲಿ ನೀವು ಅಳ್ತಿದ್ರಾ?" ಎಂಟು ತಿಂಗಳು ದಿನವೂ ಹಾಕಿದ್ದರು, ಅಲ್ಲಿ ಒಂದು ಅಳು ಇರುವುದು ಅವರ ಕಿವಿಗೆ ಬಿದ್ದಿರಲಿಲ್ಲ. ಹೌದೆಂದು ತಲೆಯಾಡಿಸಿದರು. ಪಟಾಲಮ್ಮ ಕಣ್ಣು ಕೆಳಗೆ ಮಾಡಿದಳು.

ನೂರೆಂಟನೆಯ ನಾಮ. ಮಂಗಳ. ಕೊನೆಯ ಅಕ್ಷರ. ಅವರ ಬಲಗೈಯ ಹೆಬ್ಬೆರಳು ತನ್ನಷ್ಟಕ್ಕೆ ಕೆಳಗೆ ಬಂತು, ಬರೀ ಗಾಳಿಯಲ್ಲಿ. ಯಂತ್ರ ಹತ್ತು ಹೆಜ್ಜೆ ದೂರದಲ್ಲಿತ್ತು. ಟೇಪಿನೊಳಗೆ, ಅಂದು ತುಂಬಿಸುವುದನ್ನು ನಿಲ್ಲಿಸಿದ ಗುಂಡಿ ಟಕ್ ಎಂದಿತು. ಅರೆಗಳಿಗೆ ಸುಂಯ್ ಎಂಬ ಸದ್ದು. ಆಮೇಲೆ, ಯಾರೋ ಬಾಗಿಲು ತಳ್ಳಿಕೊಂಡು ಒಳಗೆ ಬಂದ ಹಾಗೆ, ಮಾತಿನ ನಡುವಿನಿಂದ:

"…ಹೆಸ್ರಿಲ್ದೋಳು ಹೆಂಗೆ ಕೂಗಾಳು? ಯಾರು ಕೂಗಿದ್ದು ಅಂತ ತಿಳೀದೆ ತಂಗಿ ಹೆಂಗೆ ಓಗೊಟ್ಟಾಳು? ಅದ್ಕೇ ಚಿಕ್ಕಿ ಏನು ಮಾಡಿದ್ಲು, ಆ ಕತ್ಲಾಗೆ ಕುಂತ್ಕಂಡು, ದಿನಾ ತಂಗಿ ತಲೆ ಬಾಚ್ತಾ ಹೇಳ್ತಿದ್ದ ಕತೆ ಹೇಳಾಕೆ ಶುರು ಮಾಡಿದ್ಲು."

ಮಹಾಲಕ್ಷ್ಮಮ್ಮ ನಿಲ್ಲಿಸಿದಳು. ಚಿಕ್ಕನರಸಯ್ಯನವರ ಬೆನ್ನು ಗೋಡೆಗೆ ಒತ್ತಿಕೊಂಡಿತು. ಮೂವತ್ತು ನಿಮಿಷದ ಮಗ್ಗುಲು. ಇಪ್ಪತ್ತು ನಿಮಿಷದ ನಾಮ. ಹತ್ತು ನಿಮಿಷ ಅವಳು ದಿನವೂ ಅವರ ಹೆಬ್ಬೆರಳಿನ ಕೆಳಗೇ ಕಾದಿದ್ದಳು. ಸ್ಟೂಲಿನ ಪಕ್ಕದಿಂದ ಸಣ್ಣಕ್ಕ ಮೆಲ್ಲಗೆ "ಹೂಂ" ಎಂದಳು.

"ಸಾವ್ರ ಗೂಡು. ಒಂದೊಂದು ಗೂಡ್ನಾಗೂ ಸಾವ್ರ ಕಣ್ಣು. ಎಲ್ಲಾ ಸುಮ್ಕವೆ."

"ಹೂಂ," ಎಂದರು ಐವತ್ತು ಹುಡುಗಿಯರು.

"ಹೇಳ್ತಾ ಹೇಳ್ತಾ, ಒಂದೇ ಒಂದು ಕಣ್ಣಿಂದ, ಮೇಣದ ಹಿಂದ್ಲಿಂದ, ಸಣ್ಣಗೆ…" ಎಂದು ತಡೆದಳು. ಅವಳ ಮುಖ ಬಾಗಿಲ ಕಡೆಗೆ ತಿರುಗಿತೆಂದು ದನಿಯಿಂದಲೇ ತಿಳಿಯಿತು. "ಮೇಷ್ಟ್ರೇ. ಬೆಂಚಿನ ಮ್ಯಾಲೆ ಕುಂತು ಕೇಳ್ತಾ ಇದೀರಿ ಅಂತ ನಂಗೊತ್ತು. ಆ ಪೇಪರು ಬೆಳಗ್ಗೇನೇ ಓದಾಗೈತೆ. ಗಿರಿಯಮ್ಮ ಬಸ್ಸಿಗೆ ಹೋದ್ಲು, ತಲೆ ಆಡ್ಸೋರೂ ಇಲ್ಲ. ಏನಂತ ಕೇಳಿಸ್ತು, ನೀವಾದ್ರೂ ಅನ್ನಿ."

ಮೌನ. ಆ ಮೌನದೊಳಗೆ, ದೂರದಲ್ಲಿ, ಪತ್ರಿಕೆಯ ಹಾಳೆ ತಿರುವಿದ ಸದ್ದು. ಐವತ್ತು ತಲೆಗಳು ಗೋಡೆಯ ಕಡೆಗೆ ತಿರುಗಿದವು. ಯಂತ್ರದೊಳಗೆ ಬೆಂಚಿನ ಮೇಲೆ ಕೂತಿದ್ದ ಮೇಷ್ಟ್ರು ಬಾಯಿ ಬಿಡಲಿಲ್ಲ. ಗೋಡೆಗೆ ಒರಗಿದ್ದ ಮೇಷ್ಟ್ರು ಒಂದು ಹೆಜ್ಜೆ ಮುಂದೆ ಬಂದರು. ಇನ್ನೇನು ಅವಳು ಮುಂದಿನ ಮಾತು ಎತ್ತುತ್ತಾಳೆ, ಆಮೇಲೆ ಹೊತ್ತು ಮೀರುತ್ತದೆ. ಅವರು ಕಟ್ಟಿದ್ದ ಕೈ ಬಿಚ್ಚಿದರು.

"ಹೂಂ," ಎಂದರು. ಬೀದಿಗೆ ಕೇಳಿಸುವಷ್ಟು ಜೋರಾಗಿ, ಹಾಜರಿ ಕೂಗಿದಾಗ ಓಗೊಡುವ ಹುಡುಗನ ಹಾಗೆ. "ಹೂಂ ಕಣೇ!"

"ಅನ್ನಾಕಿಲ್ಲ ಬುಡಿ," ಎಂದು ಮಹಾಲಕ್ಷ್ಮಮ್ಮ ನಕ್ಕಳು. ಸಿಡಿಮಿಡಿಯಿಲ್ಲದ ನಗು, ಅವರು ಮರೆತೇಬಿಟ್ಟಿದ್ದ ನಗು. "ಅಂದ್ರಿ ಅಂತ್ಲೇ ತಿಳ್ಕಂತೀನಿ. ಹೂಂ ಅಂತು. ಆ ಕಣ್ಣೊಳಗಿಂದ ತಂಗಿ ದನಿ, ಹೂಂ ಅಂತು!"

ಹುಡುಗಿಯರು ಕೂಗಿಕೊಂಡ ಸದ್ದಿಗೆ ಅಡುಗೆಮನೆಯ ತಟ್ಟೆಗಳು ಅದುರಿದವು. ಗಿರಿಯಮ್ಮ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ, "ಸುಮ್ನಿರ್ರೇ, ಕೇಳ್ರೇ," ಎಂದು ಗದರಿದಳು. ಟೇಪಿನಲ್ಲಿ ಕಥೆ ಮುಂದುವರಿಯಿತು. ಚಿಕ್ಕಿ ಹಲ್ಲಿನಿಂದ ಮೇಣ ಕಚ್ಚಿ ತೆಗೆದಳು. ತಂಗಿಯ ದನಿ ಹೊರಗೆ ಬಂದದ್ದೇ ತಡ, "ಚಿಕ್ಕಕ್ಕಾ" ಎಂದು ಕೂಗಿತು. ಕೂಗಿದ ಕೂಡಲೆ ಚಿಕ್ಕಿಗೆ ಕಳೆದುಕೊಂಡ ಹೆಸರು ಮರಳಿ ಬಂತು. ಒಂದು ಮೇಣ ಬಿಚ್ಚಿದ್ದಕ್ಕೆ ಸಾವಿರ ಮೇಣ ಬಿಚ್ಚಿದವು. ದನಿಗಳೆಲ್ಲ ಬೆಟ್ಟದಿಂದ ಹಿಂಡಾಗಿ ಎದ್ದು, ಒಂದೊಂದೂ ತನ್ನ ತನ್ನ ಊರಿನ ದಾರಿ ಹಿಡಿದು ಹಾರಿದವು. ಕಿವುಡ ದೊರೆ ಎದೆಯ ಮೇಲೆ ಕೈ ಇಟ್ಟುಕೊಂಡು, ಇದೇನು ಒಳಗೆಲ್ಲ ನಡುಗುತ್ತಿದೆ, ಎಂದು ಕೇಳುತ್ತ ನಿಂತ. ಪ್ರತಿ ಮಾತಿಗೂ ಹೂಂ ಬಿತ್ತು. ಗೋಡೆಯ ಕಡೆಯಿಂದ ಬಂದ ಹೂಂ ಎಲ್ಲಕ್ಕಿಂತ ದೊಡ್ಡದಾಗಿತ್ತು. ಟೇಪು ಮುಗಿದು ಗುಂಡಿ ತಾನಾಗಿ ಮೇಲೆದ್ದಾಗ ಅವರು ಹುಡುಗಿಯರ ನಡುವೆ, ನೆಲದ ಮೇಲೆ, ಎಲ್ಲರ ಹಾಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಯಾವಾಗ ಬಂದು ಕೂತರೋ ನೆನಪಿಲ್ಲ.

"ಆದ್ರೆ ಮಧ್ಯದ್ದು?" ಎಂದಳು ಸಣ್ಣಕ್ಕ. ಆ ಭಾನುವಾರದ ತನಕ ಅಷ್ಟು ಜನರ ಮುಂದೆ ಅವಳು ಬಾಯಿ ತೆರೆದದ್ದೇ ಇರಲಿಲ್ಲ. "ಹೆಸ್ರು ಲೇದು, ದೀಪ ಲೇದು, ಏನೂ ಇಲ್ಲ. ಗೂಡು ಇರೋ ತಾವ್ಕೆ ಹೆಂಗೆ ಹೋದ್ಲು?"

"ಕುಂಟ ಮೇಕೆ ಬಾಲ ಹಿಡ್ಕೊಂಡು ಹೋದ್ಲಲ್ಲ," ಎಂದರು ಚಿಕ್ಕನರಸಯ್ಯನವರು.

ಅವರಿಗೂ ಆಗಲೇ ತಿಳಿದದ್ದು, ತಾವು ಏನು ಹೇಳಿದೆವೆಂದು. ಗಿರಿಯಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡಳು. "ಕಿವಿಗೆ ಹಾಕ್ಕೊಳ್ಳಲ್ಲ ಅಂದಿದ್ರಿ ಮೇಷ್ಟ್ರೇ?"

"ಸುಳ್ಳು ಹೇಳಿದ್ದೆ ಕಣಮ್ಮ. ಏಳು ದಿನವೂ ಕೇಳಿದೆ. ಒಂದು ಮಾತೂ ಬಿಡದ ಹಾಗೆ ಕೇಳಿದೆ."

"ತಾತಂಗೆ ಗೊತ್ತೈತೆ! ಲೇ, ತಾತಂಗೆ ಪೂರಾ ಗೊತ್ತೈತೆ ಕಣ್ರೇ!" ಪಟಾಲಮ್ಮ ಎದ್ದು ನಿಂತುಬಿಟ್ಟಳು. ಯಾರೋ ದೇವರ ಪಟದ ಮುಂದಿನ ಕುಂಕುಮದ ಭರಣಿ ತಂದರು. ಚಿಕ್ಕನರಸಯ್ಯನವರು ಕ್ಯಾಸೆಟ್ಟನ್ನು ಹೊರಗೆ ತೆಗೆದು, ಏನೂ ತುಂಬಿಸದ ಇನ್ನೊಂದು ಮಗ್ಗುಲಿಗೆ ತಿರುಗಿಸಿ, ಉಂಗುರದ ಬೆರಳಿನಿಂದ ಒಂದೊಂದೇ ಕುಂಕುಮದ ಬೊಟ್ಟು ಇಟ್ಟರು. ಏಳು. ಕೊನೆಯದು ಸ್ವಲ್ಪ ಸೊಟ್ಟಗಾಯಿತು. ಕೆಂಪು ಗುಂಡಿ, ಕಪ್ಪು ಗುಂಡಿ, ಎರಡನ್ನೂ ಒಟ್ಟಿಗೆ ಒತ್ತಿದರು. ಗಿರಿಯಮ್ಮ ಹಳೆಯ ಅಭ್ಯಾಸದಿಂದ ತುಟಿಯ ಮೇಲೆ ಬೆರಳಿಟ್ಟು ಹುಡುಗಿಯರಿಗೆ ಸನ್ನೆ ಮಾಡಿದಳು.

"ಬೇಡಮ್ಮ. ಅನ್ನಲಿ, ಜೋರಾಗಿ ಅನ್ನಲಿ. ಅದೂ ಹಿಡ್ಕೊಳ್ಳಲಿ," ಎಂದು ಅವರು ಅವಳ ಕೈ ಇಳಿಸಿದರು. ಆಮೇಲೆ, ಹೆಡ್‌ಮೇಷ್ಟ್ರ ದನಿಯನ್ನೂ ನಾಮದ ದನಿಯನ್ನೂ ಬಿಟ್ಟು, ದೊಡ್ಡೇರಿಯಲ್ಲಿ ತಮ್ಮ ಅವ್ವ ಆಡುತ್ತಿದ್ದ ಮಾತಿನಲ್ಲಿ ಶುರು ಮಾಡಿದರು:

"ಏಳನೇ ಬಾಗ್ಲು ದಾಟಿದ್ರೆ ಒಳ್ಗೆ ಗವ್ವನ್ನೋ ಕತ್ಲು. ಆ ಕತ್ಲಾಗೆ ಒಂದು ಕುಂಟ ಮೇಕೆ ನಿಂತಿತ್ತು."

"ಹೂಂ!" ಎಂದರು ಐವತ್ತು ಜನ.